ಸಂತ ದೆವೋತಾ ತಿರುವು

ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿರುವ ಮೊನಾಕೊ ಒಂದು ಪುಟ್ಟ ಸಂಸ್ಥಾನ. ಅದರ ವಿಸ್ತಾರ ಸುಮಾರು ಎರಡು ಚದರ ಕಿಲೋಮೀಟರು ಮಾತ್ರ. ಅಲ್ಲಿನ ಬಂದರಿನ ಸಮೀಪ, ಕಲ್ಲುಬೆಟ್ಟದ ಮಗ್ಗುಲಲ್ಲಿ, ಆ ನಾಡಿನ ಪಾಲಕಿ ಸಂತ ದೆವೋತಾ ಅವರ ಚಿಕ್ಕ ದೇವಾಲಯವಿದೆ. ನಾಲ್ಕನೆಯ ಶತಮಾನದ ಆರಂಭದಲ್ಲಿ ಕೋರ್ಸಿಕಾ ದ್ವೀಪದಲ್ಲಿ ವಿಶ್ವಾಸಕ್ಕಾಗಿ ಪ್ರಾಣತೆತ್ತ ಈ ರಕ್ತಸಾಕ್ಷಿಯ ಪಾರ್ಥಿವ ಶರೀರವನ್ನು ಹೊತ್ತ ದೋಣಿ ಬಿರುಗಾಳಿಗೆ ಸಿಲುಕಿದಾಗ, ಪಾರಿವಾಳವೊಂದು ದಾರಿ ತೋರಿ ಇಲ್ಲಿಗೆ ತಲುಪಿಸಿತೆಂಬುದು ಪರಂಪರೆ. ಪ್ರತಿವರ್ಷ ಜನವರಿ 26ರ ಸಂಜೆ ದೇವಾಲಯದ ಮುಂದೆ ದೋಣಿಯೊಂದನ್ನು ಸುಡುತ್ತಾರೆ. ಮರುದಿನ ಸಂತಳ ಹಬ್ಬ. ಅದೇ ದೇವಾಲಯದ ಎದುರಿನ ತಿರುವಿಗೆ ಇನ್ನೊಂದು ಖ್ಯಾತಿಯೂ ಇದೆ. ಮೊನಾಕೊ ಗ್ರ್ಯಾಂಡ್ ಪ್ರಿ ಕಾರುಪಂದ್ಯದ ಮೊದಲ ತಿರುವು ಅದೇ. ಅದರ ಹೆಸರೂ ಸಂತ ದೆವೋತಾ.

1929ರಲ್ಲಿ ಆರಂಭವಾದ ಈ ಪಂದ್ಯಕ್ಕೆ ಪ್ರತ್ಯೇಕ ಮೈದಾನವಿಲ್ಲ. ನಗರದ ಬೀದಿಗಳೇ ಅದರ ಪಥ. ಒಂದು ಸುತ್ತಿಗೆ 3.337 ಕಿಲೋಮೀಟರು, ಒಟ್ಟು 78 ಸುತ್ತುಗಳು. ಬೇರೆ ದಿನಗಳಲ್ಲಿ ಬಸ್ಸು ಓಡಾಡುವ, ಮಕ್ಕಳು ಶಾಲೆಗೆ ಹೋಗುವ ದಾರಿಗಳಿಗೆ ಕೆಲವು ವಾರ ಮುಂಚಿನಿಂದಲೇ ಉಕ್ಕಿನ ತಡೆಬೇಲಿ ಕಟ್ಟುತ್ತಾರೆ. ಇಲ್ಲಿ ಓಡುವ ಕಾರುಗಳ ಚಕ್ರಗಳಿಗೆ ಹೊದಿಕೆಯಿಲ್ಲ. ಒಂದರ ಚಕ್ರ ಇನ್ನೊಂದರ ಚಕ್ರಕ್ಕೆ ತಗುಲಿದರೆ ಕಾರು ಗಾಳಿಗೆ ಚಿಮ್ಮಬಹುದು. ಸುರಂಗದೊಳಗೆ ಅವುಗಳ ವೇಗ ಗಂಟೆಗೆ 250 ಕಿಲೋಮೀಟರನ್ನೂ ಮೀರುತ್ತದೆ. ಪಂದ್ಯ ಮುಗಿದ ಮೇಲೆ ಬೇಲಿ ಬಿಚ್ಚುತ್ತಾರೆ. ಬೀದಿ ಮತ್ತೆ ಜನರದಾಗುತ್ತದೆ.

ಇಲ್ಲಿ ಒಂದು ನೈತಿಕ ಪ್ರಶ್ನೆ ಏಳುತ್ತದೆ. ಅದೇ ಬೀದಿ, ಅದೇ ವೇಗ. ಪಂದ್ಯದ ಭಾನುವಾರ ಅದಕ್ಕೆ ಚಪ್ಪಾಳೆ. ಮರುವಾರ ಅದು ಅಪರಾಧ. ಹಾಗಾದರೆ ಕೃತ್ಯದ ಒಳಿತು ಕೆಡುಕುಗಳನ್ನು ಕೇವಲ ಸರ್ಕಾರದ ಅನುಮತಿ ಪತ್ರ ನಿರ್ಧರಿಸುತ್ತದೆಯೇ?

ನೀತಿಶಾಸ್ತ್ರ ಯಾವ ಕೃತ್ಯವನ್ನೂ ಅದರ ಹೊರರೂಪದಿಂದ ಮಾತ್ರ ಅಳೆಯುವುದಿಲ್ಲ. ಮಾಡಿದ್ದು ಏನು, ಯಾವ ಉದ್ದೇಶದಿಂದ, ಎಂತಹ ಸನ್ನಿವೇಶದಲ್ಲಿ ಎಂಬ ಮೂರನ್ನೂ ಒಟ್ಟಿಗೆ ನೋಡುತ್ತದೆ. ಪಂದ್ಯದ ದಿನ ಎಲ್ಲ ಕಾರುಗಳೂ ಒಂದೇ ದಿಕ್ಕಿಗೆ ಓಡುತ್ತವೆ. ಅಪಾಯವನ್ನು ಅರಿತು ಒಪ್ಪಿದ, ಪಳಗಿದ ಚಾಲಕರೇ ಅಲ್ಲಿರುತ್ತಾರೆ. ಬಾವುಟ ಹಿಡಿದವರು, ಬೆಂಕಿ ನಂದಿಸುವವರು, ವೈದ್ಯರು ಸಿದ್ಧರಾಗಿ ನಿಂತಿರುತ್ತಾರೆ. ಸಾಮಾನ್ಯ ದಿನದ ಬೀದಿಯಲ್ಲಾದರೋ ಕೋಲೂರಿ ದಾಟುವ ಅಜ್ಜಿಯಿದ್ದಾಳೆ, ಚೆಂಡಿನ ಹಿಂದೆ ಓಡಿಬರುವ ಮಗುವಿದೆ. ನಿಮ್ಮ ವೇಗಕ್ಕೆ ಅವರ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ಕೇಳದೆಯೇ ಅವರ ಪ್ರಾಣವನ್ನು ಪಣಕ್ಕೆ ಇಡುವುದರಲ್ಲಿಯೇ ದೋಷವಿದೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಐದನೆಯ ಆಜ್ಞೆಯನ್ನು ವಿವರಿಸುವಾಗ (ಸಂಖ್ಯೆ 2290) ವೇಗದ ಮೋಹವನ್ನು ಕುಡಿತದ ಪಕ್ಕದಲ್ಲಿಯೇ ಇರಿಸಿ, ಅದರಿಂದ ತನಗೂ ಪರರಿಗೂ ಅಪಾಯ ತರುವುದನ್ನು ಗುರುತರ ದೋಷವೆಂದು ಎಣಿಸುವುದು ಇದೇ ಕಾರಣಕ್ಕೆ.

ಆದರೆ ಒಪ್ಪಿಗೆಯೊಂದರಿಂದಲೇ ವಿಷಯ ಮುಗಿಯುವುದಿಲ್ಲ. ಪ್ರಾಣವು ನಮ್ಮ ಸ್ವಂತ ಆಸ್ತಿಯಲ್ಲ. ಅದು ದೇವರು ನಂಬಿ ಒಪ್ಪಿಸಿದ ನಿಕ್ಷೇಪ. 1967ರ ಮೇ 7ರಂದು ಇದೇ ಪಂದ್ಯದಲ್ಲಿ ಇಟಲಿಯ ಲೊರೆಂಜೊ ಬಾಂದಿನಿ ಎರಡನೆಯ ಸ್ಥಾನದಲ್ಲಿದ್ದರು. ಆಗ ಪಂದ್ಯ 100 ಸುತ್ತುಗಳದು. 82ನೆಯ ಸುತ್ತಿನಲ್ಲಿ ಅವರ ಫೆರಾರಿ ಬಂದರಿನ ಬಳಿಯ ತಿರುವಿನಲ್ಲಿ ಡಿಕ್ಕಿ ಹೊಡೆದು ಮಗುಚಿ ಹೊತ್ತಿಕೊಂಡಿತು. ರಕ್ಷಣೆಗೆಂದು ಇಟ್ಟಿದ್ದ ಹುಲ್ಲಿನ ಹೊರೆಗಳೇ ಬೆಂಕಿಗೆ ಇಂಧನವಾದವು. ಮೂರು ದಿನಗಳ ನಂತರ ಅವರು ತೀರಿಕೊಂಡರು, ವಯಸ್ಸು 31. ಮರುವರ್ಷ ಸುತ್ತುಗಳನ್ನು 80ಕ್ಕೆ ಇಳಿಸಲಾಯಿತು. ಚಾಲಕ ಮನಸಾರೆ ಒಪ್ಪಿದ್ದರೂ ಆತನನ್ನು ಕಾಪಾಡುವ ಹೊಣೆ ಸಂಘಟಕರನ್ನು ಬಿಡುವುದಿಲ್ಲ. ನೋಡಿ ನಲಿಯುವ ನಮ್ಮನ್ನೂ ಬಿಡುವುದಿಲ್ಲ. ತಗ್ಗಿಸಬಹುದಾದ ಅಪಾಯವನ್ನು ತಗ್ಗಿಸದೆ ಉಳಿಸಿಕೊಂಡು ಅದನ್ನು ಸಾಹಸವೆಂದು ಹೊಗಳುವುದು ಸಲ್ಲದು. ಸಂತ ಥಾಮಸ್ ಅಕ್ವಿನಾಸರು ಧೈರ್ಯವನ್ನು ಸದ್ಗುಣವೆಂದೂ ದುಡುಕನ್ನು ಅದಕ್ಕೆ ವಿರುದ್ಧವಾದ ದುರ್ಗುಣವೆಂದೂ ಬೇರ್ಪಡಿಸಿದ್ದಾರೆ. ಹೊರನೋಟಕ್ಕೆ ಅವೆರಡೂ ಒಂದೇ ರೀತಿ ಓಡುತ್ತವೆ. ವಿವೇಕದ ಅಂಕೆಯಲ್ಲಿರುವುದು ಮಾತ್ರ ಧೈರ್ಯ.

ಆ ವಿವೇಕವು ಕ್ಷಣಕ್ಷಣಕ್ಕೂ ಬೇಕು. 1988ರಲ್ಲಿ ಬ್ರೆಜಿಲಿನ ಐರ್ಟನ್ ಸೆನ್ನಾ ಈ ಬೀದಿಗಳಲ್ಲಿ ಸುಮಾರು 50 ಸೆಕೆಂಡುಗಳಷ್ಟು ಮುಂದಿದ್ದರು. ಗೆಲುವು ಕೈಯಲ್ಲಿದೆ, ನಿಧಾನಿಸು ಎಂದು ತಂಡ ಸೂಚಿಸಿತು. ನಿಧಾನಿಸಿದಾಗಲೇ ಏಕಾಗ್ರತೆ ಸಡಿಲವಾಗಿ, 67ನೆಯ ಸುತ್ತಿನಲ್ಲಿ ಅವರು ಬೇಲಿಗೆ ಬಡಿದರು. ಮೊನಾಕೊದಲ್ಲಿ ಒಟ್ಟು ಆರು ಬಾರಿ ಗೆದ್ದ ಪ್ರವೀಣನಿಗೇ ಒಂದು ಗಳಿಗೆಯ ಮೈಮರೆವು ಇಷ್ಟು ಮಾಡಿತು. ಅಂದು ಅವರಿಗೆ ಎದುರಾದದ್ದು ಉಕ್ಕಿನ ಬೇಲಿ. ನಮ್ಮ ಬೀದಿಗಳಲ್ಲಿ ಅಂತಹ ಬೇಲಿಯಿಲ್ಲ. ಅದಿರಬೇಕಾದ ಜಾಗದಲ್ಲಿ ಮನುಷ್ಯರು ನಡೆದು ಹೋಗುತ್ತಿರುತ್ತಾರೆ.

ಆದ್ದರಿಂದ ಪ್ರಿಯ ತಂದೆತಾಯಂದಿರೇ, ದೂರದರ್ಶನದಲ್ಲಿ ಇಂತಹ ಪಂದ್ಯ ನೋಡಿ ಹಿಗ್ಗುವ ಮಗನನ್ನು ಗದರಿಸಬೇಕಾಗಿಲ್ಲ. ಕೈ, ಕಣ್ಣು, ಬುದ್ಧಿಗಳ ಆ ಮೇಳವೂ ಸೃಷ್ಟಿಕರ್ತನ ಕೊಡುಗೆಯೇ. ಆದರೆ ಅವನೊಡನೆ ಕುಳಿತು ಆ ಬೇಲಿಗಳನ್ನೂ ತೋರಿಸಿರಿ. ಅವನ್ನು ಕಟ್ಟಲು ಅಷ್ಟೊಂದು ಜನ ವಾರಗಟ್ಟಲೆ ದುಡಿದದ್ದು ಏಕೆಂದು ಕೇಳಿರಿ. ನಾಳೆ ಅವನು ಬೈಕಿನ ಕೀಲಿಕೈಗೆ ಕೈಚಾಚಿದಾಗ, ಬೇಲಿಯಿಲ್ಲದ ಬೀದಿಗೆ ತನ್ನ ಮನಸ್ಸಾಕ್ಷಿಯೇ ಬೇಲಿಯೆಂಬುದು ಅವನಿಗೆ ಮೊದಲೇ ತಿಳಿದಿರಲಿ.