ವಂಶಾವಳಿಯೂ ನೆಲದ ಹಕ್ಕೂ

ವಂಶಾವಳಿಯೆಂಬುದು ಮೇಲಿನಿಂದ ಕೆಳಕ್ಕೆ ಇಳಿಯುವಂಥದು. ಮೂಲಪುರುಷನ ಹೆಸರು ತಲೆಯ ಭಾಗದಲ್ಲಿ ನಿಲ್ಲುತ್ತದೆ. ಮಕ್ಕಳೂ ಮೊಮ್ಮಕ್ಕಳೂ ಅದರ ಕೆಳಗೆ ಕವಲೊಡೆಯುತ್ತಾರೆ. ಮನೆ, ಹೊಲ, ಹೆಸರು ಎಲ್ಲವೂ ಅದೇ ದಾರಿಯಲ್ಲಿ ಇಳಿದುಬರುತ್ತವೆ. ಆದರೆ ತಂದೆ ಉತ್ತ ನೆಲಕ್ಕೆ ಮಗನೇ ಮೊದಲ ಒಡೆಯನಾಗಿದ್ದು, ತಂದೆಯು ಮಗನ ಹೆಸರಿನ ನೆರಳಿನಲ್ಲಿ ಬೇಸಾಯಮಾಡಬೇಕಾದ ಸಂಸಾರದಲ್ಲಿ ಮೂಲಪುರುಷನು ಯಾರು? ಇದು ಬರಿಯ ಒಗಟಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ಅಂತಹ ಸಂಸಾರಗಳಿದ್ದುವು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಜಪಾನಿನ ಅನೇಕ ರೈತರು ಸಮುದ್ರವನ್ನು ದಾಟಿ ಅಲ್ಲಿಗೆ ಹೋದರು. ಮೊದಲು ಕೂಲಿಯವರಾಗಿ, ಆಮೇಲೆ ಗುತ್ತಿಗೆದಾರರಾಗಿ, ಹಲವರು ತರಕಾರಿಯ ಬೇಸಾಯದಲ್ಲಿ ನೆಲೆನಿಂತರು. ತರಕಾರಿಯ ತೋಟಕ್ಕೆ ಭೂಮಿ ಕಡಮೆ ಸಾಕು, ಕೈಗಳು ಹೆಚ್ಚು ಬೇಕು. ಹೆಂಡತಿ ಮಕ್ಕಳೊಡನೆ ಮನೆಯೆಲ್ಲ ಬಗ್ಗಿ ದುಡಿದರೇ ಬೆಳೆ. ಆದರೆ ಆ ದೇಶದ ಅಂದಿನ ಕಾನೂನು ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೂ ಆಫ್ರಿಕದ ಮೂಲದವರಿಗೂ ಹೊರತು ಪೌರತ್ವವನ್ನು ಕೊಡುತ್ತಿರಲಿಲ್ಲ. ಪೌರತ್ವಕ್ಕೆ ಅನರ್ಹರಾದ ಪರದೇಶೀಯರು ಬೇಸಾಯದ ಭೂಮಿಯನ್ನು ಕೊಳ್ಳಕೂಡದೆಂದು ಕ್ಯಾಲಿಫೋರ್ನಿಯವು 1913ರಲ್ಲಿ ಶಾಸನಮಾಡಿ, 1920ರಲ್ಲಿ ಅದನ್ನು ಇನ್ನೂ ಬಿಗಿಗೊಳಿಸಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯ ತೀರ್ಪಿನಿಂದ ಭಾರತೀಯರೂ ಆ ಅನರ್ಹರ ಸಾಲಿಗೆ ಸೇರಿದರು. ಆದರೆ ಆ ನೆಲದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಪೌರ. ತಂದೆಗಿಲ್ಲದ ಹಕ್ಕು ತೊಟ್ಟಿಲಿನ ಕೂಸಿಗಿತ್ತು.

ಸ್ಯಾನ್ ಡಿಯೇಗೊ ಪ್ರಾಂತದ ಚೂಲ ವಿಸ್ಟ ಎಂಬ ಊರಿನ ಬಳಿ 1934ರಲ್ಲಿ ಕಾಜಿರೊ ಒಯಾಮ ಎಂಬ ರೈತನು ಆರು ಎಕರೆ ನೆಲಕ್ಕೆ ಹಣ ತೆತ್ತು, ಆರು ವರ್ಷದ ಮಗ ಫ್ರೆಡ್ಡನ ಹೆಸರಿಗೆ ಕ್ರಯಪತ್ರವನ್ನು ಬರೆಯಿಸಿದನು. ಮರುವರ್ಷ ನ್ಯಾಯಾಲಯದ ಅಪ್ಪಣೆಯಿಂದ ಆ ಆಸ್ತಿಗೆ ಪೋಷಕನಾದನು. 1937ರಲ್ಲಿ ಇನ್ನೆರಡು ಎಕರೆ ಅದಕ್ಕೆ ಸೇರಿತು. 1942ರಲ್ಲಿ ಯುದ್ಧದ ನಿಮಿತ್ತ, ಜಪಾನೀ ಮೂಲದವರನ್ನೆಲ್ಲ, ಪೌರರನ್ನೂ ಬಿಡದೆ, ಪಶ್ಚಿಮ ಕರಾವಳಿಯಿಂದ ಹೊರಡಿಸಿದರು. ಈ ಸಂಸಾರವೂ ಹೊರಟಿತು. ಮನೆಗೆ ಮರಳಲು ಇನ್ನೂ ಅನುಮತಿಯಿಲ್ಲದ 1944ರಲ್ಲಿ, ಹದಿನಾರು ವರ್ಷದ ಆ ಹುಡುಗನ ಭೂಮಿಯು ತನಗೆ ಸೇರಬೇಕೆಂದು ಸಂಸ್ಥಾನದ ಸರ್ಕಾರವು ದಾವೆ ಹೂಡಿತು. ತಂದೆ ಹಣ ಕೊಟ್ಟಿದ್ದರಿಂದ, ಮಗನ ಹೆಸರು ಶಾಸನವನ್ನು ತಪ್ಪಿಸಿಕೊಳ್ಳುವ ಉಪಾಯವೆಂದೇ ಊಹಿಸತಕ್ಕದ್ದೆಂಬುದು ಅದರ ವಾದ.

ಶಾಸನವು ಅನ್ಯಾಯವೇ ಆಗಿದ್ದರೂ ಅದನ್ನು ಬಳಸಿ ನಡೆಯುವುದು ಒಳ್ಳೆಯವನಿಗೆ ತಕ್ಕದ್ದೆ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ಇಲ್ಲಿ ಮರೆಯೆಲ್ಲಿತ್ತು? ಬೆಳೆಯ ಖರ್ಚಿಗಾಗಿ ಆ ನೆಲವನ್ನು ಅಡವಿಡುವಾಗ ತಂದೆ ನ್ಯಾಯಾಲಯದ ಅಪ್ಪಣೆಯನ್ನು ಬೇಡಿದನು. ಆ ಸಂಗತಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾಲವು ಮಗನಿಗೆ ಹಿತವೆಂದು ನ್ಯಾಯಾಲಯವೇ ಒಪ್ಪಿತು. ಬೇರೆ ತಂದೆಯೊಬ್ಬನು ಮಗನ ಹೆಸರಿಗೆ ಭೂಮಿ ಕೊಂಡರೆ ಅದನ್ನು ವಾತ್ಸಲ್ಯದ ಕೊಡುಗೆಯೆಂದು ಕಾನೂನು ಭಾವಿಸುತ್ತಿತ್ತು. ಈತನು ಕೊಂಡಾಗ ಅದೇ ವಾತ್ಸಲ್ಯಕ್ಕೆ ವಂಚನೆಯೆಂಬ ಹೆಸರಾಯಿತು. ಭೇದವಿದ್ದುದು ಕಾರ್ಯದಲ್ಲಲ್ಲ, ವಂಶದಲ್ಲಿ.

ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯವು 1948ರ ಜನವರಿಯಲ್ಲಿ ಈ ಭೇದವನ್ನೇ ಹಿಡಿದು ತೀರ್ಪುಕೊಟ್ಟಿತು: ತಂದೆಯ ಮೂಲವನ್ನು ಕಾರಣಮಾಡಿ ಪೌರನಾದ ಮಗನ ಹಕ್ಕನ್ನು ಕುಗ್ಗಿಸಕೂಡದು. ಶಾಸನವು ಮಾತ್ರ ಅಂದೇ ಬೀಳಲಿಲ್ಲ. 1952ರಲ್ಲಿ ಕ್ಯಾಲಿಫೋರ್ನಿಯದ ಉಚ್ಚತಮ ನ್ಯಾಯಾಲಯವು ಅದನ್ನು ಅಸಿಂಧುವೆಂದಿತು. 1956ರಲ್ಲಿ ಜನರ ಮತದಿಂದ ಅದು ರದ್ದಾಯಿತು. ಜಪಾನಿನಿಂದ ಬಂದ ಮುದುಕರಿಗೆ ಪೌರತ್ವದ ಬಾಗಿಲು ತೆರೆದದ್ದೂ 1952ರಲ್ಲಿಯೇ. ಅಷ್ಟರಲ್ಲಿ ಎಷ್ಟು ಮಂದಿಯ ಬೆನ್ನು ಬಾಗಿಹೋಗಿತ್ತೋ!

ವಂಶಾವಳಿಯನ್ನು ಎರಡು ಬಗೆಯಲ್ಲಿ ಓದಬಹುದು. ಒಂದು, ಹಕ್ಕಿನ ಪತ್ರವಾಗಿ: ನಾವು ಮೊದಲು ಬಂದೆವು, ನೀವು ಆಮೇಲೆ ಬಂದಿರಿ. ಇನ್ನೊಂದು, ಋಣದ ಲೆಕ್ಕವಾಗಿ: ಯಾರ ದುಡಿಮೆಯನ್ನು ಉಂಡು ನಾವು ಬೆಳೆದೆವು? ಮೊದಲ ಬಗೆಯ ಓದು ಒಯಾಮ ಸಂಸಾರದಲ್ಲಿ ತಂದೆಯನ್ನು ಅಳಿಸಿಬಿಡುತ್ತದೆ. ಕ್ರಯಪತ್ರದಲ್ಲಿ ಅವನ ಹೆಸರೇ ಇಲ್ಲ. ಎರಡನೆಯ ಬಗೆಯ ಓದಿನಲ್ಲಿ ಅವನೇ ಶಿರಸ್ಸಿನಲ್ಲಿ ನಿಲ್ಲುತ್ತಾನೆ. ಅಲ್ಲಿಯೂ ಒಂದು ವಿಶೇಷವಿದೆ: ಮಗನು ತಂದೆಯ ದುಡಿಮೆಗೆ ಋಣಿ, ತಂದೆಯು ಮಗನ ಹೆಸರಿಗೆ ಋಣಿ. ಪಿತೃಋಣವನ್ನು ಬಲ್ಲ ನಮಗೆ ಪುತ್ರಋಣವೆಂಬುದು ಹೊಸ ಮಾತು. ಆದರೆ ಪರದೇಶಕ್ಕೆ ಹೋಗಿ ನೆಲೆನಿಂತ ಪ್ರತಿಯೊಂದು ಮನೆಯೂ ಅದನ್ನು ಬಲ್ಲುದು.

ಯಾವ ವಂಶಾವಳಿಯನ್ನಾದರೂ ಸಾಕಷ್ಟು ಹಿಂದಕ್ಕೆ ಓದಿಕೊಂಡು ಹೋದರೆ, ಎಲ್ಲಿಂದಲೋ ಬಂದು ಹೊಸ ನೆಲದಲ್ಲಿ ಮೊದಲ ಗುದ್ದಲಿಯನ್ನು ಹಾಕಿದವನೊಬ್ಬನು ಸಿಕ್ಕುತ್ತಾನೆ. ಅವನನ್ನು ನೆನೆದು ಕೈಮುಗಿಯುವವರು, ಇಂದು ಗುದ್ದಲಿ ಹಿಡಿದು ಬಂದವನ ಮುಖಕ್ಕೆ ಬಾಗಿಲು ಮುಚ್ಚುವುದು ಯಾವ ನ್ಯಾಯ?