ಹಣೆಬರಹವಲ್ಲ, ಎರಡು ಎಳೆ

ಇಂದಿನ ಧಮ್ಮ ಚಿಂತನೆ



ನಾನು ಮೈಸೂರಿನಲ್ಲಿ ಹಳೇ ಕಾರುಗಳ ಮೆಕ್ಯಾನಿಕ್. ಕಳೆದ ಭಾನುವಾರ ನಮ್ಮ ಅಧ್ಯಯನ ವೃತ್ತದಲ್ಲಿ ಒಬ್ಬ ತಂಗಿ ಕೇಳಿದಳು: "ಚೇತನಾ, ಅಂದರೆ ಉದ್ದೇಶವೇ ಕಮ್ಮ ಅಂತ ಓದಿದ್ದೇವೆ. ಹಾಗಾದರೆ ಕೆಟ್ಟ ಉದ್ದೇಶ ಇಲ್ಲದೆ ನಮ್ಮಿಂದ ಯಾರಿಗಾದರೂ ಕೆಡುಕಾದರೆ ಅದು ನಮ್ಮ ತಪ್ಪಲ್ಲವೇ?" ಅಂದು ನಾನು ಬಾಯಿ ಬಿಡಲಿಲ್ಲ. ಉತ್ತರ ಹೇಳಬೇಕಾದರೆ ನನ್ನ ಒಂದು ತಪ್ಪನ್ನೂ ಹೇಳಬೇಕಿತ್ತು. ಇವತ್ತು ಹೇಳುತ್ತೇನೆ.

ಹೋದ ವರ್ಷ ಆಯುಧಪೂಜೆಗೆ ನಾಲ್ಕು ದಿನ ಇರುವಾಗ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಪ್ರೀಮಿಯರ್ ಪದ್ಮಿನಿ ತಂದರು. 1089 ಸಿಸಿಯ ಎಂಜಿನ್ ಗಟ್ಟಿಯಾಗಿತ್ತು, ಆದರೆ ಸೋಲೆಕ್ಸ್ ಕಾರ್ಬುರೇಟರಿನ ಸ್ಪಿಂಡಲ್ ಸವೆದು ಅಲ್ಲಾಡುತ್ತಿತ್ತು. ಆ ಸಂದಿನಿಂದ ಗಾಳಿ ಎಳೆದುಕೊಂಡು ಐಡ್ಲಿಂಗ್ ನಿಲ್ಲುತ್ತಿರಲಿಲ್ಲ. ಬೇರೆ ಕಾರಿನ ಒಂದು ಒಳ್ಳೇ ಕಾರ್ಬುರೇಟರ್ ಕೂರಿಸುವುದು ಅಂತ ತೀರ್ಮಾನವಾಯಿತು. ಹಿಂದೆ ಯಾರೋ ಈ ಕಾರಿನ ಆಕ್ಸಿಲರೇಟರ್ ಕಡ್ಡಿಗಳನ್ನು ತೆಗೆದು ಕೇಬಲ್ ಹಾಕಿದ್ದರು. ಮೇಷ್ಟ್ರು ಹೇಳಿದರು: "ಕಾರ್ಬುರೇಟರ್ ಒಂದು ಬದಲಾಯಿಸಿ ಸಾಕು. ಕೇಬಲ್ ಚೆನ್ನಾಗೇ ಇದೆ, ಅದನ್ನೇ ಹೇಗಾದರೂ ಹೊಂದಿಸಿ. ಹಬ್ಬ ಮುಗಿಸಿ ಮನೆಯವಳನ್ನು ಚಾಮುಂಡಿ ಬೆಟ್ಟಕ್ಕೆ ಕರಕೊಂಡು ಹೋಗಬೇಕು."

ಹೊರಗಿನಿಂದ ನೋಡಿದರೆ ಕೇಬಲ್ ಚೆನ್ನಾಗೇ ಇತ್ತು. ಕಪ್ಪು ಔಟರಿನ ಮೇಲೆ ಒಂದು ಬಿರುಕೂ ಇರಲಿಲ್ಲ. ಆದರೆ ರೇಸ್ ಕೇಬಲಿನ ಜೀವ ಇರುವುದು ಒಳಗೆ, ಹತ್ತಾರು ಸಣ್ಣ ಉಕ್ಕಿನ ಎಳೆಗಳನ್ನು ಹುರಿ ಮಾಡಿದ ತಂತಿಯಲ್ಲಿ. ಅದನ್ನು ಪೂರ್ತಿ ಹೊರಗೆಳೆದೆ. ಪೆಡಲ್ ಕಡೆಯ ತುದಿಯ ಹತ್ತಿರ ಎರಡು ಎಳೆ ತುಂಡಾಗಿ ಮುಳ್ಳಿನ ಹಾಗೆ ಎದ್ದಿದ್ದವು.

ಎರಡೇ ಎಳೆ. ಮಿಕ್ಕವು ಗಟ್ಟಿ ಇವೆ, ತಕ್ಷಣಕ್ಕೆ ಕಿತ್ತುಹೋಗುವ ಕೇಬಲ್ ಅಲ್ಲ. ಅಪಾಯ ಕಿತ್ತುಹೋಗುವುದರಲ್ಲಿ ಇಲ್ಲ. ಕಿತ್ತರೆ ಸ್ಪ್ರಿಂಗ್ ಎಳೆದುಕೊಂಡು ಕಾರ್ಬುರೇಟರಿನ ಬಾಯಿ ಮುಚ್ಚುತ್ತದೆ, ಗಾಡಿ ನಿಧಾನವಾಗುತ್ತದೆ. ತುಂಡಾದ ಎಳೆ ಔಟರಿನ ಒಳಗೆ ಕಚ್ಚಿಕೊಂಡರೆ ಮಾತ್ರ ನೀವು ಕಾಲು ತೆಗೆದರೂ ಬಾಯಿ ಮುಚ್ಚುವುದಿಲ್ಲ. ಇಳಿಜಾರಿನ ತಿರುವಿನಲ್ಲಿ ಗಾಡಿ ತನ್ನ ಪಾಡಿಗೆ ರೇಸ್ ಆಗುತ್ತಲೇ ಇರುತ್ತದೆ.

ಇದು ನನಗೆ ಗೊತ್ತಿದ್ದದ್ದು ಪುಸ್ತಕದಿಂದಲ್ಲ. ಇಪ್ಪತ್ತರ ಹರೆಯದಲ್ಲಿ ನಾನು ಬೇರೊಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದೆ. ಒಂದು ಟ್ಯಾಕ್ಸಿ ಬಂತು. ಅದರ ಕೇಬಲಿನಲ್ಲೂ ಹೀಗೇ ಎಳೆ ಎದ್ದಿತ್ತು. ನಾನು ಕಣ್ಣಾರೆ ಕಂಡೆ. ಹೊಸ ಕೇಬಲ್ ತರಲು ಪೇಟೆಗೆ ಹೋಗಬೇಕು, ಹೊತ್ತು ಮುಳುಗಿತ್ತು, ಹಸಿವಾಗಿತ್ತು. ಗ್ರೀಸ್ ಸವರಿ ಕೂರಿಸಿದೆ. ಯಾರಿಗೂ ಹೇಳಲಿಲ್ಲ. ವಾರದೊಳಗೆ ಆ ಗಾಡಿ ರಸ್ತೆ ಬದಿಯ ಮರಕ್ಕೆ ಗುದ್ದಿತು. ಡ್ರೈವರ್ ಅಣ್ಣನ ಕಾಲು ಮುರಿಯಿತು, ಮತ್ತೆ ಅವರು ಸ್ಟೇರಿಂಗ್ ಹಿಡಿಯಲಿಲ್ಲ. ಆಸ್ಪತ್ರೆಗೆ ನೋಡಲು ಹೋದಾಗ ಅವರು ಅಂದದ್ದು ಇಷ್ಟೇ: "ನನ್ನ ಹಣೆಬರಹ ಕಣಪ್ಪ."

ನಾನು ತಲೆ ತಗ್ಗಿಸಿಕೊಂಡು ಎದ್ದು ಬಂದೆ. ನನಗೆ ಕೆಟ್ಟ ಉದ್ದೇಶ ಇರಲಿಲ್ಲವಲ್ಲ ಅಂತ ಬಹಳ ವರ್ಷ ಸಮಾಧಾನ ಹೇಳಿಕೊಂಡೆ.

ಧಮ್ಮಕ್ಕೆ ಬಂದ ಮೇಲೆ ಚಕ್ಖುಪಾಲ ಥೇರರ ಕತೆ ಓದಿದೆ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಮಳೆ ಬಂದ ರಾತ್ರಿ ಚಂಕ್ರಮಣ ಮಾಡುವಾಗ ಅವರ ಕಾಲಡಿ ಹುಳುಗಳು ಸತ್ತವು. ಬೇರೆ ಭಿಕ್ಖುಗಳು ದೂರು ತಂದಾಗ, ಕಾಣದವರಿಗೆ ಕೊಲ್ಲುವ ಉದ್ದೇಶವಿರಲಿಲ್ಲ, ಆದ್ದರಿಂದ ಅದು ಪ್ರಾಣಿಹತ್ಯೆಯಲ್ಲ ಎಂದು ಭಗವಾನರು ತಿಳಿಹೇಳಿದರು. ಓದಿದಾಗ ಮೊದಲು ಹಾಯೆನಿಸಿತು. ನನ್ನದೂ ಹಾಗೇ ಅಂದುಕೊಂಡೆ. ರಾತ್ರಿ ನಿದ್ದೆ ಬರಲಿಲ್ಲ. ಥೇರರು ಕುರುಡರಾಗಿದ್ದರು. ನನಗೆ ಎರಡು ಕಣ್ಣಿದ್ದವು. ಎಳೆ ಕಂಡಿತ್ತು. ಕಂಡದ್ದನ್ನು ಗ್ರೀಸ್ ಹಾಕಿ ಮುಚ್ಚಿದೆನಲ್ಲ, ಅದು ಬೆರಳು ತಾನಾಗಿ ಮಾಡಿದ ಕೆಲಸವೇ? ನೋಡದೆ ಇರೋಣ, ಹೇಳದೆ ಇರೋಣ ಅಂತ ಮನಸ್ಸು ತೀರ್ಮಾನಿಸಿತ್ತು. ಅದೂ ಚೇತನಾ. ಡ್ರೈವರಿಗೆ ಕೇಡಾಗಲಿ ಅಂತ ನಾನು ಬಯಸಲಿಲ್ಲ, ನಿಜ. ಆದರೆ ಅವರ ಜೀವಕ್ಕಿಂತ ನನ್ನ ಹಸಿವು ದೊಡ್ಡದು ಅಂತ ಆರಿಸಿಕೊಂಡೆ.

ನಾವು ಐದನೇ ಶೀಲ ತೆಗೆದುಕೊಳ್ಳುತ್ತೇವೆ. ಕುಡಿಯದಿದ್ದರೆ ಅದು ಪಾಲನೆಯಾಯಿತು ಅಂದುಕೊಳ್ಳುತ್ತೇವೆ. ಆ ಶೀಲದ ಪಾಲಿ ಮಾತಿನೊಳಗೆ ಪಮಾದ ಎಂಬ ಪದ ಇದೆ. ಮದ್ಯವನ್ನು ಬಿಡಬೇಕು ಏಕೆಂದರೆ ಅದು ಪಮಾದಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ ಎಡೆ. ನಾನು ಆ ದಿನ ಒಂದು ತೊಟ್ಟೂ ಕುಡಿದಿರಲಿಲ್ಲ. ಆದರೂ ಪಮಾದದಲ್ಲಿದ್ದೆ. ಕುಸಿನಾರದಲ್ಲಿ ಭಗವಾನರ ಕೊನೆಯ ಮಾತು ಕೂಡ ಅಪ್ಪಮಾದದ ಬಗ್ಗೆಯೇ ಆಗಿತ್ತು.

ಇನ್ನು ಹಣೆಬರಹ. ನಮ್ಮ ಅಜ್ಜಂದಿರು ಕೆರೆಯ ನೀರು ಮುಟ್ಟುವಂತಿರಲಿಲ್ಲ. ಏಕೆ ಅಂದರೆ ಹಿಂದಿನ ಜನ್ಮದ ಕರ್ಮ ಅಂದರು. ಹಾಗಂದರೆ ನೀರಿಗೆ ಅಡ್ಡ ನಿಂತವನ ಕೈ ಯಾರಿಗೂ ಕಾಣುವುದಿಲ್ಲ. ಇದಕ್ಕೇ ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಹಿಂದಿನ ಜನ್ಮದ ಕರ್ಮದ ವಾದವನ್ನು ಅಷ್ಟು ಗಟ್ಟಿಯಾಗಿ ತಳ್ಳಿಹಾಕಿದರು. ಬಡವನ ಕಷ್ಟಕ್ಕೆ ಸಮಾಜ ಹೊಣೆಯಲ್ಲ ಎಂದು ಜಾರಿಕೊಳ್ಳಲು ಆ ವಾದ ದಾರಿ ಮಾಡಿಕೊಡುತ್ತದೆ ಎಂಬುದನ್ನು ಅವರು ಕಂಡಿದ್ದರು. ನಮ್ಮ ನೋವಿಗೆ ಹಣೆಬರಹ ಕಾರಣವಲ್ಲ ಅಂತ ದೀಕ್ಷೆ ಪಡೆದವರು ನಾವು. ನಮ್ಮ ಕೈಯಿಂದ ಇನ್ನೊಬ್ಬರಿಗೆ ನೋವಾದಾಗ ಅವರ ಹಣೆಬರಹ ಅನ್ನಲು ಬಿಟ್ಟು ಸುಮ್ಮನೆ ಎದ್ದು ಬಂದರೆ, ನಾವು ಬಿಟ್ಟುಬಂದದ್ದಾದರೂ ಏನು?

ಆ ಡ್ರೈವರ್ ಅಣ್ಣನನ್ನು ಹುಡುಕಿಕೊಂಡು ಹೋದೆ. ತಡವಾಗಿತ್ತು, ತೀರಿಕೊಂಡಿದ್ದರು. ಮಗನಿಗೆ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ. "ಹೋದ ಜನ್ಮದಲ್ಲಿ ಏನು ಮಾಡಿದ್ನೋ ಅಂತ ಅಪ್ಪ ಕೊನೇವರೆಗೂ ಅನ್ನೋರು" ಅಂದ. ಉತ್ತರ ನನ್ನ ಹತ್ತಿರ ಇತ್ತು. ಅವರು ಅದನ್ನು ಹೋದ ಜನ್ಮದಲ್ಲಿ ಹುಡುಕುತ್ತ ಹೋಗಿಬಿಟ್ಟರು.

ಅದಕ್ಕೇ ಮೇಷ್ಟ್ರಿಗೆ ಫೋನ್ ಮಾಡಿ ಕರೆಸಿದೆ. ಕೇಬಲನ್ನು ಅವರ ಕೈಗೇ ಕೊಟ್ಟೆ. ಎಳೆ ಬೆರಳಿಗೆ ಚುಚ್ಚಿತು. "ಹೊಸದು ಹಾಕಿ" ಅಂದರು. ಹೊಸ ಕಾರ್ಬುರೇಟರಿನ ಲಿವರ್ ದೊಡ್ಡದು, ಎಳೆಯುವ ದಿಕ್ಕೂ ಬೇರೆ. ಹಾಗಾಗಿ ಉದ್ದ ಅಳೆದು ಕೇಬಲ್ ತಂದೆ. ಔಟರಿನ ಎರಡೂ ತುದಿ ಅಲ್ಲಾಡದಂತೆ ಬ್ರಾಕೆಟ್ ಕಟ್ಟಿದೆ. ತಗಡಿನ ಗೋಡೆ ದಾಟುವ ಕಡೆ ರಬ್ಬರ್ ಹಾಕಿ, ಸೈಲೆನ್ಸರಿನ ಬಿಸಿಯಿಂದ ದೂರವಾಗಿ, ಬಿಗಿ ಬಳುಕು ಬಾರದಂತೆ ಸಾಗಿಸಿದೆ. ಎಂಜಿನ್ ತನ್ನ ರಬ್ಬರುಗಳ ಮೇಲೆ ತೂಗುತ್ತದೆ, ಆಗ ಕೇಬಲ್ ತಾನೇ ಎಳೆಯಬಾರದು ಅಂತ ಸ್ವಲ್ಪ ಸಡಿಲ ಬಿಟ್ಟೆ. ಸ್ಪ್ರಿಂಗ್ ಒಂದರ ಬದಲು ಎರಡು ಹಾಕಿದೆ, ಒಂದು ಮುರಿದರೆ ಇನ್ನೊಂದು ಇರಲಿ ಅಂತ. ಎಂಜಿನ್ ಆಫ್ ಇರುವಾಗಲೇ ಹುಡುಗನನ್ನು ಪೆಡಲ್ ಮೇಲೆ ಕೂರಿಸಿ ನಾನು ಕಾರ್ಬುರೇಟರಿನ ಬಾಯಿ ನೋಡಿದೆ. "ಒತ್ತಪ್ಪ", ಪೂರ್ತಿ ತೆರೆಯಿತು. "ಬಿಡು", ಟಕ್ಕೆಂದು ಮುಚ್ಚಿತು. ಇಪ್ಪತ್ತು ಸಲ ಮಾಡಿಸಿದೆ. "ಸಾಕಲ್ವಾ ಅಣ್ಣ?" ಅಂದ. ಆಗ ಅವನಿಗೂ ಆ ಟ್ಯಾಕ್ಸಿ ಕತೆ ಹೇಳಿದೆ.

ಹಬ್ಬದ ದಿನ ಮೇಷ್ಟ್ರು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಅದು ಅವರ ನಂಬಿಕೆ, ನಾನು ಏನೂ ಅನ್ನಲಿಲ್ಲ. ನನ್ನ ಪಾಲಿನದನ್ನು ನಾನು ಬಾನೆಟ್ ಕೆಳಗೆ ಮಾಡಿಟ್ಟಿದ್ದೆ. ಮರುದಿನ ವಿಜಯದಶಮಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ದೀಕ್ಷೆ ಪಡೆದದ್ದೂ ವಿಜಯದಶಮಿಯಂದೇ. ವಿಹಾರಕ್ಕೆ ಹೋಗಿ ಪಂಚಶೀಲ ಹೇಳುವಾಗ ಐದನೆಯದರ ಹತ್ತಿರ ನನ್ನ ದನಿ ಸ್ವಲ್ಪ ನಡುಗಿತು.

ತಂಗಿ, ನನ್ನ ಉತ್ತರ ಇಷ್ಟು: ನಿಜವಾಗಿ ಕಾಣದೆ ಆದದ್ದಕ್ಕೆ ನಮ್ಮನ್ನು ನಾವು ಕೊಂದುಕೊಳ್ಳಬೇಕಿಲ್ಲ. ಆದರೆ ನೋಡಬಹುದಾಗಿದ್ದೂ ನೋಡದೆ ಬಿಟ್ಟದ್ದು, ಕಂಡೂ ಹೇಳದೆ ಬಿಟ್ಟದ್ದು ನಮ್ಮದೇ ಕಮ್ಮ.

ಇಂದಿನ ಅಭ್ಯಾಸ: ನಿಮ್ಮ ಕೆಲಸ ಅಡುಗೆಯಿರಲಿ, ಪಾಠವಿರಲಿ, ಕಚೇರಿಯ ಕಡತವಿರಲಿ, ಕಂಡೂ ಮುಚ್ಚಿಟ್ಟ ಒಂದು ಎಳೆ ಇದೆಯೇ ನೋಡಿ. ಇದ್ದರೆ, ಅದರಿಂದ ನೋವಾಗಬಹುದಾದವರಿಗೆ ಇವತ್ತೇ ಹೇಳಿ.

ನಮೋ ಬುದ್ಧಾಯ. ಜೈ ಭೀಮ್.