ಕಸ ಸುರಿದ ಮುದುಕಿ

ಮಕ್ಕಾದ ಒಂದು ಓಣಿಯಲ್ಲಿ ಮುದುಕಿಯೊಬ್ಬಳಿದ್ದಳು. ಪ್ರವಾದಿ ಮುಹಮ್ಮದ್(ಸ) ಆ ದಾರಿಯಾಗಿ ಹೋಗುವಾಗಲೆಲ್ಲ ಮಾಳಿಗೆಯ ಮೇಲಿಂದ ಅವರ ಮೈಮೇಲೆ ಕಸ ಸುರಿಯುತ್ತಿದ್ದಳು. ಅವರು ಬಟ್ಟೆ ಕೊಡವಿಕೊಂಡು ಸುಮ್ಮನೆ ಮುಂದೆ ಹೋಗುತ್ತಿದ್ದರು. ಒಂದು ದಿನ ಕಸ ಬೀಳಲಿಲ್ಲ. ವಿಚಾರಿಸಿದರೆ ಮುದುಕಿ ಹಾಸಿಗೆ ಹಿಡಿದಿದ್ದಾಳೆಂದು ತಿಳಿಯಿತು. ಪ್ರವಾದಿಯವರು ಮೆಟ್ಟಿಲು ಹತ್ತಿ ಹೋಗಿ ಆಕೆಯ ಆರೋಗ್ಯ ವಿಚಾರಿಸಿದರು, ನೀರು ತಂದುಕೊಟ್ಟರು.

ಈ ಕಥೆ ಕೇಳದ ಮುಸ್ಲಿಮ್ ಮನೆ ನಮ್ಮ ಸೀಮೆಯಲ್ಲಿ ಇರಲಿಕ್ಕಿಲ್ಲ. ನಾವಂತೂ ಕರೆಂಟು ಹೋದ ರಾತ್ರಿಗಳಲ್ಲಿ ಅಮ್ಮಿಯ ಬಾಯಿಂದ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಕೇಳಿದ್ದಷ್ಟೇ ಅಲ್ಲ, ಅದು ನಡೆದದ್ದನ್ನೂ ಕಂಡಿದ್ದೇವೆ. ನಮ್ಮ ಪಕ್ಕದ ಮನೆಯ ಅಜ್ಜಿಗೂ ಅಮ್ಮಿಗೂ ಬಚ್ಚಲ ನೀರಿನ ವಿಷಯಕ್ಕೆ ದೊಡ್ಡ ಜಗಳವಾಗಿ ಎರಡು ವರ್ಷ ಮಾತಿರಲಿಲ್ಲ. ಅಜ್ಜಿ ದಿನಾ ಬೆಳಿಗ್ಗೆ ಅಂಗಳ ಗುಡಿಸಿದ ಕಸವನ್ನು ಬೇಕೆಂದೇ ನಮ್ಮ ಹೊಸ್ತಿಲ ಕಡೆಗೆ ತಳ್ಳುತ್ತಿದ್ದರು. ಒಂದು ವಾರ ಕಸ ಬರಲಿಲ್ಲ. ಎಂಟನೆಯ ದಿನ ಅಮ್ಮಿ ಒಂದು ಚರಿಗೆ ಅಂಬಲಿ ಹಿಡಿದುಕೊಂಡು ಆ ಮನೆಗೆ ಹೋದರು. ನಾವು ಸೆರಗು ಹಿಡಿದು ಹಿಂದೆಯೇ ಹೋಗಿದ್ದೆವು. ಜ್ವರದಲ್ಲಿ ಮಲಗಿದ್ದ ಅಜ್ಜಿ ಕಣ್ಣು ಬಿಟ್ಟು, "ಇಷ್ಟು ಬೈದರೂ ಬಂದೀ ಏನವ್ವಾ" ಎಂದರು. ಆಮೇಲೆ ಆ ಮನೆಯ ಯುಗಾದಿಯ ಹೋಳಿಗೆ, ನಮ್ಮ ಮನೆಯ ಈದ್‌ನ ಶೀರ್‌ಖುರ್ಮಾ ಗೋಡೆ ದಾಟುತ್ತಲೇ ಇದ್ದವು.

ಈಗ ಆ ಕಥೆಗೊಂದು ಕುತ್ತು ಬಂದಿದೆ. ಕಳೆದ ಈದ್‌ಗೆ ಬಂದಿದ್ದ ತಂಗಿಯ ಮಗ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, ಅಮ್ಮಿ ಮರಿಮಕ್ಕಳನ್ನು ಕೂರಿಸಿಕೊಂಡು ಮುದುಕಿಯ ಕಥೆ ಶುರುಮಾಡಿದಾಗ ಮೊಬೈಲಿನಿಂದ ತಲೆಯೆತ್ತಿದ. "ನಾನೀ, ಇದು ಯಾವ ಹದೀಸಿನಲ್ಲೂ ಇಲ್ಲ. ಆಧಾರವೇ ಇಲ್ಲದ ಕಥೆ. ಮಾಮೂನ ಕೇಳಿ ಬೇಕಾದರೆ" ಎಂದ. ಅಮ್ಮಿ ನಮ್ಮ ಮುಖ ನೋಡಿದರು. ನಾವು ಹೌದೆನ್ನಬೇಕಾಯಿತು. ಹುಡುಗ ಹೇಳಿದ್ದು ನಿಜ. ಹದೀಸ್ ಸಂಗ್ರಹಗಳಲ್ಲಾಗಲಿ, ಸೀರತ್‌ನ ಹಳೆಯ ಗ್ರಂಥಗಳಲ್ಲಾಗಲಿ ಕಸ ಸುರಿಯುವ ಮುದುಕಿ ಇಲ್ಲ. ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಇಷ್ಟು ವರ್ಷ ಹುಜೂರರ ಹೆಸರಿನಲ್ಲಿ ಸುಳ್ಳು ಹೇಳಿದೆನಾ?" ಎಂದು ಕೇಳಿದರು.

ಅವರ ಪ್ರಶ್ನೆಗೆ ಆಗ ನಮ್ಮಲ್ಲಿ ಉತ್ತರವಿರಲಿಲ್ಲ.

ನಮ್ಮ ಪರಂಪರೆಯಲ್ಲಿ ಈ ಪ್ರಶ್ನೆ ಹೊಸತಲ್ಲ. ಪ್ರವಾದಿಯವರ ಹೆಸರಿನಲ್ಲಿ ಉದ್ದೇಶಪೂರ್ವಕ ಸುಳ್ಳು ಹೇಳುವವನು ನರಕದಲ್ಲಿ ತನ್ನ ಜಾಗ ಹುಡುಕಿಕೊಳ್ಳಲಿ ಎಂಬ ಅರ್ಥದ ಎಚ್ಚರಿಕೆಯನ್ನು ಬಹುಸಂಖ್ಯೆಯ ಸಹಾಬಿಗಳು ವರದಿ ಮಾಡಿದ್ದಾರೆ. ಹಾಗಿದ್ದೂ ಹದೀಸ್ ಕಟ್ಟುವವರು ಹುಟ್ಟಿಕೊಂಡರು. ಅವರೆಲ್ಲ ದುಷ್ಟರಾಗಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ಎಂಟನೆಯ ಶತಮಾನದ ಮರ್ವ್ ನಗರದ ಖಾಝಿ ನೂಹ್ ಇಬ್ನ್ ಅಬೀ ಮರ್ಯಮ್ ಕುರ್‌ಆನಿನ ಒಂದೊಂದು ಸೂರಾದ ಪುಣ್ಯದ ಬಗ್ಗೆಯೂ ಹದೀಸ್ ಹೇಳುತ್ತಿದ್ದರಂತೆ. ಎಲ್ಲಿಂದ ಬಂತೆಂದು ಕೇಳಿದಾಗ, ಜನ ಕುರ್‌ಆನನ್ನು ಬಿಟ್ಟು ಅಬೂ ಹನೀಫಾರ ಫಿಕ್ಹ್‌ನಲ್ಲೂ ಇಬ್ನ್ ಇಸ್‌ಹಾಕ್‌ರ ಯುದ್ಧಕಥೆಗಳಲ್ಲೂ ಮುಳುಗಿದ್ದನ್ನು ಕಂಡು ಪುಣ್ಯಕ್ಕಾಗಿ ತಾನೇ ಕಟ್ಟಿದೆನೆಂದು ಒಪ್ಪಿಕೊಂಡರಂತೆ. ಇನ್ನು ಕೆಲವರ ವಾದ ಇನ್ನೂ ಚತುರ. ನಾವು ಪ್ರವಾದಿಯ ವಿರುದ್ಧ ಸುಳ್ಳು ಹೇಳುತ್ತಿಲ್ಲ, ಅವರ ಪರವಾಗಿ ಹೇಳುತ್ತಿದ್ದೇವೆ ಎನ್ನುತ್ತಿದ್ದರು. ಇಂಥ ಧರ್ಮಭೀರು ಸುಳ್ಳುಗಾರರೇ ಎಲ್ಲರಿಗಿಂತ ಅಪಾಯಕಾರಿ ಎಂದು ಹದೀಸ್ ವಿದ್ವಾಂಸರು ತೀರ್ಮಾನಿಸಿದರು. ಅವರ ಸಜ್ಜನಿಕೆ ನೋಡಿ ಜನ ಅವರ ಮಾತನ್ನು ನಂಬುತ್ತಿದ್ದರಲ್ಲ, ಅದಕ್ಕೆ.

ಇಲ್ಲಿ ಒಂದು ಪ್ರಸಂಗ ನೆನಪಾಗುತ್ತದೆ. ಬಗ್ದಾದಿನ ರುಸಾಫಾ ಮಸೀದಿಯಲ್ಲಿ ಇಮಾಮ್ ಅಹ್ಮದ್ ಇಬ್ನ್ ಹಂಬಲ್ ಮತ್ತು ಯಹ್ಯಾ ಇಬ್ನ್ ಮಯೀನ್ ನಮಾಝ್ ಮುಗಿಸಿ ಕುಳಿತಿದ್ದಾಗ ಕಥೆಗಾರನೊಬ್ಬ ಎದ್ದು ನಿಂತು, ತಾನು ಇವರಿಬ್ಬರಿಂದಲೇ ಕೇಳಿದ್ದೆಂದು ಒಂದು ಉದ್ದದ ಹದೀಸ್ ಹೇಳಿದನಂತೆ. ಯಹ್ಯಾ ಅವನನ್ನು ಕರೆದು, ನಾವೇ ಆ ಇಬ್ಬರು, ನಾವಿದನ್ನು ಹೇಳಿಯೇ ಇಲ್ಲ ಎಂದರು. ಕಥೆಗಾರ ಒಂಚೂರೂ ಅಳುಕಲಿಲ್ಲ. ಯಹ್ಯಾ ಮೂರ್ಖನೆಂದು ಕೇಳಿದ್ದೆ, ಈಗ ಖಾತ್ರಿಯಾಯಿತು, ಲೋಕದಲ್ಲಿ ನೀವಿಬ್ಬರೇ ಏನು, ನಾನು ಹದಿನೇಳು ಮಂದಿ ಅಹ್ಮದ್ ಇಬ್ನ್ ಹಂಬಲ್‌ರಿಂದ ಹದೀಸ್ ಕೇಳಿದ್ದೇನೆ ಎಂದನಂತೆ! ನಾವಿದನ್ನು ಎಷ್ಟೋ ಸಲ ಹೇಳಿ ನಕ್ಕಿದ್ದೇವೆ, ನಗಿಸಿದ್ದೇವೆ. ತಮಾಷೆಯೆಂದರೆ, ಹದಿನಾಲ್ಕನೆಯ ಶತಮಾನದ ಮಹಾ ವಿಮರ್ಶಕ ಝಹಬಿ ಈ ಪ್ರಸಂಗವನ್ನೇ ನಂಬಲಿಲ್ಲ. ವರದಿ ಮಾಡಿದವನು ಯಾರೋ ಗೊತ್ತಿಲ್ಲ, ಇದನ್ನೂ ಅವನೇ ಕಟ್ಟಿರಬಹುದೆಂದು ಶಂಕಿಸಿದರು. ಅಂದರೆ ಸುಳ್ಳು ಹದೀಸಿನ ವಿರುದ್ಧ ಎಚ್ಚರಿಸಲು ನಾವು ಬಳಸುವ ಕಥೆಯೇ ಸುಳ್ಳಿರಬಹುದು. ವಿದ್ವಾಂಸರು ತಮ್ಮ ಪರವಾದ ಕಥೆಗೂ ವಿನಾಯಿತಿ ಕೊಡಲಿಲ್ಲ ಎಂಬುದು ನಮಗೆ ಮುಖ್ಯವಾಗಿ ಕಾಣುತ್ತದೆ.

ಹಾಗೆಂದು ಅವರು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ದುರ್ಬಲ, ಅಂದರೆ ಝಯೀಫ್ ಹದೀಸ್ ಬೇರೆ, ಕಟ್ಟಿದ್ದು, ಅಂದರೆ ಮೌಝೂ ಬೇರೆ. ಸತ್ಕಾರ್ಯಕ್ಕೆ ಪ್ರೇರೇಪಿಸುವ ವಿಷಯದಲ್ಲಿ ದುರ್ಬಲ ಹದೀಸನ್ನು ಬಳಸಬಹುದೆಂದು ಇಮಾಮ್ ನವವಿಯಂಥವರು ಒಪ್ಪಿದರು. 1449ರಲ್ಲಿ ತೀರಿಕೊಂಡ ಇಬ್ನ್ ಹಜರ್ ಅದಕ್ಕೂ ಷರತ್ತು ಹಾಕಿದರು. ದೌರ್ಬಲ್ಯ ತೀವ್ರವಾಗಿರಬಾರದು, ಆ ಮಾತು ಬೇರೆ ಕಡೆ ಸ್ಥಿರಪಟ್ಟ ತತ್ವವೊಂದರ ಅಡಿಯಲ್ಲಿ ಬರಬೇಕು, ಪಾಲಿಸುವವನು ಇದು ಪ್ರವಾದಿಯವರೇ ಹೇಳಿದ್ದೆಂದು ಖಚಿತವಾಗಿ ನಂಬಬಾರದು. ಮೂರನೆಯ ಷರತ್ತು ನಮ್ಮ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಮಾತನ್ನು ಇಟ್ಟುಕೋ, ಮೊಹರು ಒತ್ತಬೇಡ ಎಂದಂತಾಯಿತು. ಆದರೆ ಮುದುಕಿಯ ಕಥೆಗೆ ದುರ್ಬಲವೆನ್ನಲೂ ಒಂದು ಸನದ್ ಬೇಕಲ್ಲ, ಅದಕ್ಕೆ ಅದೂ ಇಲ್ಲ.

ಫಲ ನೋಡಿ ಮರ ತಿಳಿಯಬಾರದೇ ಎಂದು ಓದುಗರು ಕೇಳಬಹುದು. ಆ ಕಥೆಯಿಂದ ಒಂದು ಜ್ವರದ ಮನೆಗೆ ಅಂಬಲಿ ಹೋಯಿತು, ಇನ್ನೇನು ಬೇಕು? ಅಮ್ಮಿಯ ಮುಖ ನೋಡಿದಾಗ ನಮಗೂ ಹಾಗೆಯೇ ಅನ್ನಿಸಿತ್ತು. ಆದರೆ ಅಮ್ಮಿಯ ತಾಯಿ, ನಮ್ಮ ನಾನಿ, ನೆನಪಾಗುತ್ತಾರೆ. ನಾನಿ ಕುರ್‌ಆನ್ ಓದುತ್ತಿದ್ದರು, ಉರ್ದು ಪುಸ್ತಕಗಳನ್ನು ಸರಾಗವಾಗಿ ಓದುತ್ತಿದ್ದರು. ಬರೆಯಲು ಬರುತ್ತಿರಲಿಲ್ಲ. ಪಿಂಚಣಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ಹೆಣ್ಣಿಗೆ ಓದು ಸಾಕು, ಬರಹ ಬೇಡ ಎಂಬುದು ಆ ಕಾಲದ ಎಷ್ಟೋ ಮನೆಗಳಲ್ಲಿ ಧರ್ಮದ ಮಾತೆಂದೇ ನಡೆಯುತ್ತಿತ್ತು. ಅದಕ್ಕೂ ಒಂದು 'ಹದೀಸ್' ಇದೆ. ಹೆಂಗಸರಿಗೆ ಬರಹ ಕಲಿಸಬೇಡಿ, ನೂಲುವುದನ್ನು ಕಲಿಸಿ ಎಂದು ಅದು ಹೇಳುತ್ತದೆ. ಹಾಕಿಮ್ ಅದನ್ನು ತಮ್ಮ ಮುಸ್ತದ್ರಕ್‌ನಲ್ಲಿ ಸೇರಿಸಿದ್ದರು. ಬಗ್ದಾದಿನ ಇಬ್ನುಲ್ ಜೌಝಿ ಅದನ್ನು ಕಟ್ಟುಕತೆಗಳ ಪಟ್ಟಿಗೆ ಹಾಕಿದರು, ಝಹಬಿಯೂ ತಿರಸ್ಕರಿಸಿದರು. ಇತ್ತ ಪ್ರವಾದಿಪತ್ನಿ ಹಫ್ಸಾ(ರ)ರಿಗೆ ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಮಹಿಳೆ ಬರಹ ಕಲಿಸಿದ್ದರೆಂದು ಅಬೂದಾವೂದ್‌ರ ಸಂಗ್ರಹದಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಬಿಹಾರದ ಹದೀಸ್ ವಿದ್ವಾಂಸ ಶಮ್ಸುಲ್ ಹಕ್ ಅಝೀಮಾಬಾದಿ ಹೆಂಗಸರು ಬರೆಯುವುದು ಸಮ್ಮತವೆಂದು ಸಾಧಿಸಲು ಒಂದು ಪ್ರತ್ಯೇಕ ಪುಸ್ತಿಕೆಯನ್ನೇ ಬರೆಯಬೇಕಾಯಿತು.

ನಾನಿಯನ್ನು ಬರಹದಿಂದ ದೂರವಿಟ್ಟ ಹಿರಿಯರೂ ಕೆಡುಕರಾಗಿರಲಿಲ್ಲ. ಮನೆತನದ ಮಾನಕ್ಕೆ ಇದು ಒಳ್ಳೆಯದೆಂದೇ ನಂಬಿದ್ದರು. 'ಅರ್ಥ ಒಳ್ಳೆಯದಿದ್ದರೆ ಸಾಕು, ಆಧಾರ ಬೇಡ' ಎಂದು ನಾವು ಮುದುಕಿಯ ಕಥೆಗೆ ಬಾಗಿಲು ತೆರೆದರೆ, ಅದೇ ಬಾಗಿಲಿನಿಂದ ಹೆಬ್ಬೆಟ್ಟಿನ ಹದೀಸೂ ಒಳಗೆ ಬರುತ್ತದೆ. ಹಬಶಿಗಳನ್ನೂ ಕಪ್ಪು ಜನರನ್ನೂ ಹೀಯಾಳಿಸುವ ಹದೀಸುಗಳೆಲ್ಲವೂ ಸುಳ್ಳೆಂದು ಇಬ್ನುಲ್ ಖಯ್ಯಿಮ್ ಒಂದೇ ಮಾತಿನಲ್ಲಿ ಬರೆದರು. ಅವುಗಳನ್ನು ಕಟ್ಟಿದವರಿಗೆ ಅವೂ ಒಳ್ಳೆಯ ಮಾತೇ ಆಗಿದ್ದಿರಬೇಕು.

ಇನ್ನೊಂದು ಅನುಭವ ನಮ್ಮ ನಾಡಿನದೇ. ಉರ್ದು ಶಾಲೆಯಲ್ಲಿ ನಮಗೆ ಉರುಹೊಡೆಸಿದ್ದರು: ಉರ್ದುವಿನ ಮೊದಲ ಗದ್ಯ ಗ್ರಂಥ 'ಮೇರಾಜುಲ್ ಆಶಿಖೀನ್', ಕರ್ತೃ ಗುಲ್ಬರ್ಗದ ಖ್ವಾಜಾ ಬಂದೇ ನವಾಝ್ ಗೇಸೂದರಾಝ್. ದಿಲ್ಲಿ ಲಖ್ನೋದವರ ಮುಂದೆ ಎದೆಯುಬ್ಬಿಸಲು ನಮ್ಮ ದಖ್ಖನಿಗಳಿಗೆ ಅದೊಂದು ಸಾಕಿತ್ತು. ಮೌಲವಿ ಅಬ್ದುಲ್ ಹಕ್ ಅದನ್ನು 1924ರಲ್ಲಿ ಪ್ರಕಟಿಸಿದ್ದರು. 1968ರಲ್ಲಿ ಹೈದರಾಬಾದಿನ ಸಂಶೋಧಕ ಹಫೀಝ್ ಖತೀಲ್ ಆ ಕೃತಿ 1422ರಲ್ಲಿ ತೀರಿಕೊಂಡ ಖ್ವಾಜಾರದಲ್ಲ, ಬಹಳ ತಡವಾಗಿ ಬಂದ ಬಿಜಾಪುರದ ಸೂಫಿ ಮಖ್ದೂಮ್ ಶಾಹ್ ಹುಸೈನಿಯವರದೆಂದು ತೋರಿಸಿದರು. ನಮಗೆ ಪಾಠ ಹೇಳುವಾಗ ಆ ಸಂಶೋಧನೆಗೆ ಇಪ್ಪತ್ತು ವರ್ಷ ದಾಟಿತ್ತು! ಕಾಲೇಜಿನಲ್ಲಿ ಅದು ತಿಳಿದಾಗ ಕಿಸೆ ಕಳೆದುಕೊಂಡಂತೆ ಆಗಿತ್ತು. ಆಮೇಲೆ ಯೋಚಿಸಿದರೆ, ಖ್ವಾಜಾರಿಗೆ ನಷ್ಟವೇನೂ ಇಲ್ಲ, ಅವರ ನಿಜವಾದ ಫಾರ್ಸಿ ಕೃತಿಗಳೇ ಬೇಕಾದಷ್ಟಿವೆ. ನಷ್ಟವಾದದ್ದು ಮಖ್ದೂಮ್ ಶಾಹ್ ಹುಸೈನಿಯವರಿಗೆ. ಬರೆದವನ ಹೆಸರನ್ನೇ ನಮ್ಮ ಹೆಮ್ಮೆ ನುಂಗಿಹಾಕಿತ್ತು. ಕೃತಿಯ ಬೋಧನೆಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ, ಆದರೂ ಅದನ್ನು ಓದುವವರು ಕಡಿಮೆಯಾದರು. ನಾವು ಓದುತ್ತಿದ್ದದ್ದು ಬೋಧನೆಯನ್ನೋ ಹೆಸರನ್ನೋ?

ಖ್ವಾಜಾರ ಗುರುಪರಂಪರೆಯಲ್ಲೇ ಇದಕ್ಕೊಂದು ಪಾಠವಿತ್ತು. ಅವಧದಲ್ಲಿ ಯಾರೋ ನಿಮ್ಮದೆಂದು ಒಂದು ಪುಸ್ತಕ ತೋರಿಸಿದರೆಂದು ಹೇಳಿದಾಗ ಹಝ್ರತ್ ನಿಝಾಮುದ್ದೀನ್ ಔಲಿಯಾ ತಾನು ಯಾವ ಪುಸ್ತಕವನ್ನೂ ಬರೆದಿಲ್ಲವೆಂದರು. ಅವರ ಮಾತುಗಳನ್ನು ಅಮೀರ್ ಹಸನ್ ಸಿಝ್ಝಿ 1308ರಿಂದ 1322ರವರೆಗೆ ಬರೆದಿಟ್ಟುಕೊಂಡದ್ದು 'ಫವಾಯಿದುಲ್ ಫುವಾದ್'. ಅದರ ಜೊತೆಗೇ ಚಿಶ್ತಿ ಗುರುಗಳ ಹೆಸರಿನಲ್ಲಿ ಹಲವು ನಕಲಿ ಮಲ್‌ಫೂಝಾತ್ ಓಡಾಡುತ್ತ ಬಂದವು. ಅಲಿಗಢದ ಇತಿಹಾಸಕಾರ ಮುಹಮ್ಮದ್ ಹಬೀಬ್ 1950ರಲ್ಲಿ ಅವನ್ನು ಒಂದೊಂದಾಗಿ ಪರೀಕ್ಷಿಸಿ ಬೇರ್ಪಡಿಸಿದರು. ದರ್ಗಾಗಳ ಮುಂದಿನ ಅಂಗಡಿಗಳಲ್ಲಿ ಅವು ಇಂದಿಗೂ ಮಾರಾಟವಾಗುತ್ತವೆ. ಅವನ್ನು ಓದಿ ಕಣ್ಣೀರು ಹಾಕುವವರ ಕಣ್ಣೀರು ನಕಲಿಯಲ್ಲ, ಅದನ್ನೂ ನಾವು ಬಲ್ಲೆವು. ಕನ್ನಡದಲ್ಲೂ ಅಷ್ಟೇ. ಕೊನೆಯ ಪದ 'ಸರ್ವಜ್ಞ' ಎಂದಿಟ್ಟರೆ ಯಾರ ತ್ರಿಪದಿಯೂ ನಡೆದೀತು.

ನಾವು ಕಥೆ ಬರೆಯುವವರು. ಆಗದ್ದನ್ನು ಆಯಿತೆಂದು ಬರೆಯುವುದೇ ನಮ್ಮ ಕಸುಬು. ಆದರೆ ಅದರ ಮೇಲೆ ನಮ್ಮ ಹೆಸರೇ ಇರುತ್ತದೆ. ಓದುಗನಿಗೂ ಅದು ಕಥೆಯೆಂದು ಗೊತ್ತಿರುತ್ತದೆ. ಮುದುಕಿಯ ಕಥೆಗೆ ಈ ಎರಡೂ ಇಲ್ಲ. ಯಾರೋ ಒಬ್ಬ ಒಳ್ಳೆಯ ಕಥೆಗಾರ ಅದನ್ನು ಹೆಣೆದು, ತನ್ನ ಸಹಿ ಹಾಕದೆ ಪ್ರವಾದಿಯವರ ಚರಿತ್ರೆಯೊಳಗೆ ಸೇರಿಸಿಬಿಟ್ಟ. ಇಲ್ಲಿ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಇದು ಆಧಾರವಿಲ್ಲದ ಕಥೆಯೆಂದು ನಮಗೆ ತಿಳಿದು ಹತ್ತು ವರ್ಷದ ಮೇಲಾಯಿತು. ಆಮೇಲೂ ಒಂದು ಸೌಹಾರ್ದ ಸಭೆಯಲ್ಲಿ, ಎಲ್ಲ ಧರ್ಮದವರು ಕೂತಿದ್ದಾಗ, ಅದನ್ನೇ ಹೇಳಿದೆವು. ಜೋರು ಚಪ್ಪಾಳೆ ಬಿತ್ತು. ಹಾಗಾಗಿ ಅಮ್ಮಿಯ ಪ್ರಶ್ನೆಗೆ ಉತ್ತರ: ಸುಳ್ಳು ಹೇಳಿದ್ದು ಅವರಲ್ಲ. ಅವರು ಕೇಳಿದ್ದನ್ನು ನಂಬಿ ಹೇಳಿದರು, ನಂಬಿದಂತೆ ನಡೆದರು. ತಿಳಿದೂ ಹೇಳಿದವರು ನಾವು.

ಅದಕ್ಕಿಂತ ಹೆಚ್ಚು ಕಾಡಿದ್ದು ಬೇರೆಯೇ. ಆ ಸಭೆಯಲ್ಲಿ ಹೇಳಲು ನಿಜವಾದದ್ದು ಇರಲಿಲ್ಲವೇ? ಪ್ರವಾದಿಯವರ ಸೇವೆ ಮಾಡುತ್ತಿದ್ದ ಯಹೂದಿ ಹುಡುಗ ಕಾಯಿಲೆ ಬಿದ್ದಾಗ ಅವರು ನೋಡಲು ಹೋಗಿ ತಲೆಯ ಬಳಿ ಕುಳಿತದ್ದು ಬುಖಾರಿಯಲ್ಲಿದೆ. ಮೈಮೇಲೆ ಹೊಲಸು ಹಾಕಿದ ನಿಜ ಘಟನೆಯೂ ಅದೇ ಬುಖಾರಿಯಲ್ಲಿದೆ. ಕಅಬಾದ ಬಳಿ ಅವರು ಸಜ್ದಾದಲ್ಲಿದ್ದಾಗ ಖುರೈಶರ ಮುಖಂಡರ ಗುಂಪಿನಿಂದ ಒಬ್ಬ ಎದ್ದು ಹೋಗಿ, ಕೊಯ್ದ ಒಂಟೆಯ ಹೊಲಸನ್ನು ತಂದು ಅವರ ಬೆನ್ನ ಮೇಲೆ ಹೇರಿದ. ಗುಂಪು ಒಬ್ಬರ ಮೇಲೊಬ್ಬರು ಬೀಳುವಂತೆ ನಕ್ಕಿತು. ಅದನ್ನು ವರದಿ ಮಾಡಿದ ಇಬ್ನ್ ಮಸ್‌ಊದ್(ರ), ತಡೆಯುವ ಬಲ ತನಗಿರಲಿಲ್ಲವೆಂದು ಸಂಕಟದಿಂದ ಹೇಳಿಕೊಂಡಿದ್ದಾರೆ. ಸುದ್ದಿ ತಿಳಿದು ಚಿಕ್ಕ ಹುಡುಗಿ ಫಾತಿಮಾ(ರ) ಓಡಿಬಂದು ಅದನ್ನೆಲ್ಲ ತೆಗೆದುಹಾಕಿದಳು. ನಮಾಝ್ ಮುಗಿಸಿದ ಪ್ರವಾದಿಯವರು ಆ ಮುಖಂಡರ ಹೆಸರು ಹಿಡಿದು ಅವರ ವಿರುದ್ಧ ಅಲ್ಲಾಹನಲ್ಲಿ ಮೊರೆಯಿಟ್ಟರು.

ಇದನ್ನು ಸಭೆಯಲ್ಲಿ ಹೇಳಿದ್ದರೆ ಚಪ್ಪಾಳೆ ಬೀಳುತ್ತಿತ್ತೋ ಇಲ್ಲವೋ. ಇದರಲ್ಲಿ ನೋವಿದೆ, ಸಿಟ್ಟಿದೆ, ಏನೂ ಮಾಡಲಾಗದೆ ನಿಂತ ಒಬ್ಬ ಗೆಳೆಯನಿದ್ದಾನೆ. ಮುದುಕಿಯ ಕಥೆಯಲ್ಲಿ ಇವು ಯಾವುವೂ ಇಲ್ಲ, ಕಸ ಬಿದ್ದರೂ ಯಾರಿಗೂ ನೋಯುವುದಿಲ್ಲ. ಮಕ್ಕಾದ ಕ್ಷಮೆಯ ಬೆಲೆ ತಿಳಿಯಬೇಕಾದರೆ ಈ ಮೊರೆಯೂ ತಿಳಿದಿರಬೇಕು ಎಂದು ನಮಗೀಗ ಅನ್ನಿಸುತ್ತದೆ. ನುಣುಪಾದ ಕಥೆ ಈ ಒರಟು ನಿಜದ ಜಾಗದಲ್ಲಿ ಕೂತು, ಆ ಪುಟ್ಟ ಹುಡುಗಿಯ ಕೈಗಳನ್ನು ನಮ್ಮ ಮನೆಗಳಿಂದ ಮರೆಮಾಡಿಬಿಟ್ಟಿತ್ತು. ನಲವತ್ತು ದಾಟುವವರೆಗೆ ನಾವೇ ನಮ್ಮ ಮಕ್ಕಳಿಗೆ ಇದನ್ನು ಹೇಳಿರಲಿಲ್ಲ.

ಈದ್ ಮುಗಿದ ಮೇಲೊಂದು ಸಂಜೆ ಅಮ್ಮಿಗೆ ಇದನ್ನು ಓದಿ ಹೇಳಿದೆವು. ಮುದುಕಿಯ ಕಥೆ ಬಿಡಬೇಕೆಂದು ನಾವು ಹೇಳಲಿಲ್ಲ, ಕಥೆಯೆಂದು ಹೇಳಿ, ಹುಜೂರರ ಹೆಸರು ಬೇಡ ಎಂದೆವು. ಅವರು ಅದಕ್ಕೆ ಏನೂ ಅನ್ನಲಿಲ್ಲ. ತಸ್ಬೀಹ್ ಬದಿಗಿಟ್ಟು, "ಆ ಮಗು ಅತ್ತಳಾ?" ಎಂದು ಕೇಳಿದರು.

"ಅತ್ತಳೆಂದು ಇದರಲ್ಲಿಲ್ಲ ಅಮ್ಮಿ. ಆ ದೊಡ್ಡವರ ಕಡೆ ತಿರುಗಿ ಬೈದಳು ಎಂದಿದೆ."

"ಬೈದಳಾ? ಒಳ್ಳೇದು ಮಾಡಿದಳು" ಎಂದರು ಅಮ್ಮಿ. ಒಳಗಿದ್ದ ಮರಿಮಕ್ಕಳನ್ನು ಕೂಗಿದರು.